ಬೆಂಕಿ ಹಚ್ಚದ ಬಾಯ್ಲರು

ವಿವರಣೆಗೆ ಸಿಗದ ಇಂಥ ಅನುಭವಗಳನ್ನು ಯಾರಾದರೂ ಹೇಳಲು ತೊಡಗಿದರೆ ನಾನು ಮೊದಲೆಲ್ಲ ಮಾತು ಬದಲಿಸುತ್ತಿದ್ದೆ. ಹೇಳುವವರು ಸುಳ್ಳುಗಾರರು ಎಂದು ಅಲ್ಲ. ನೆನಪು ಎಷ್ಟು ಸಲೀಸಾಗಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದನ್ನು ನನ್ನ ವಿಷಯದಲ್ಲೇ ಕಂಡಿದ್ದೇನೆ. ವಿದ್ಯಾರ್ಥಿಯಾಗಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗಿದೆ. ಒಮ್ಮೆ ಹಳೆಯ ಪುಟಗಳನ್ನು ತಿರುವಿ ಹಾಕುವಾಗ, ಸೋದರತ್ತೆಯ ಮಗಳ ಮದುವೆಯ ದಿನ ನಾನು ಜ್ವರ ಬಂದು ಹಾಸ್ಟೆಲಿನಲ್ಲೇ ಮಲಗಿದ್ದೆ ಎಂದು ನನ್ನ ಕೈಬರಹದಲ್ಲೇ ಇತ್ತು. ಆ ಮದುವೆಯ ಊಟ, ಚಪ್ಪರ, ಗಂಡಿನ ಕಡೆಯವರ ಜಗಳ ಎಲ್ಲ ಇವತ್ತಿಗೂ ನನ್ನ ಕಣ್ಣ ಮುಂದಿವೆ. ಯಾರೋ ಹೇಳಿದ್ದನ್ನು ಕೇಳಿ ನಾನು ಅದನ್ನು ಕಂಡಂತೆ ಮಾಡಿಕೊಂಡಿದ್ದೆ. ಅಂದಿನಿಂದ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈಗ ಬರೆಯಹೊರಟಿರುವುದನ್ನೂ ಓದುಗರು ಅದೇ ಅನುಮಾನ ಇಟ್ಟುಕೊಂಡು ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಪುಣೆಗೆ ಬಂದಿದ್ದ ನಾನು ಶಿವಾಜಿನಗರದ ಒಂದು ಕಾಲೇಜಿನಲ್ಲಿ ಬೆಳಿಗ್ಗೆ, ಇನ್ನೊಂದರಲ್ಲಿ ಸಂಜೆ ಇತಿಹಾಸ ಕಲಿಸುತ್ತಿದ್ದೆ. ಎರಡೂ ಕಡೆ ಕೆಲಸ ಕಾಯಂ ಆಗಿರಲಿಲ್ಲ. ಆ ಕಾಲವನ್ನು ನೆನೆದರೆ ಮೊದಲು ಬರುವುದು ದಣಿವು. ನಿದ್ದೆ ಮಾಡಿ ಎದ್ದರೂ ಹೋಗುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುತ್ತ ತಿದ್ದುತ್ತ ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಮಲಗಿದ ದಿನಗಳು ಎಷ್ಟೋ. ಊಟಕ್ಕೆ ಕ್ಯಾಂಪ್ ಬಡಾವಣೆಯಲ್ಲಿದ್ದ ಸದಾನಂದ ಶೆಟ್ಟರ ಹೋಟೆಲಿಗೆ ಹೋಗುತ್ತಿದ್ದೆ. ಶೆಟ್ಟರು ಕುಂದಾಪುರದ ಕಡೆಯವರು. ಮರಾಠಿಯನ್ನು ಇಲ್ಲಿಯೇ ಹುಟ್ಟಿದವರಂತೆ ಮಾತಾಡುತ್ತಿದ್ದರು, ಆದರೆ ಬರೆಯಲು ಬರುತ್ತಿರಲಿಲ್ಲ. ಸರ್ಕಾರಿ ಕಚೇರಿಗೆ ಏನಾದರೂ ಅರ್ಜಿ ಹೋಗಬೇಕಾದರೆ ನನ್ನ ಮೇಜಿಗೆ ಒಂದು ಕಾಫಿ ಹೆಚ್ಚಾಗಿ ಬರುತ್ತಿತ್ತು. ಹಾಗೆ ಅರ್ಜಿ ಬರೆದುಕೊಡುತ್ತ ಬರೆದುಕೊಡುತ್ತ ನಾನು ಅವರ ಲಾಂಚಿನ ಕೆಲಸದೊಳಗೆ ಸೇರಿಹೋದೆ.

ಪುಣೆಯ ಪಶ್ಚಿಮಕ್ಕೆ ಗುಡ್ಡಗಳ ನಡುವೆ ಒಂದು ಅಣೆಕಟ್ಟಿನ ಹಿನ್ನೀರಿದೆ. ಹೆಸರು ಬೇಡ. ಹಿಂದೆ ಯಾವಾಗಲೋ ಸಾಹೇಬರು ನೀರಿನ ಮೇಲೆ ತಪಾಸಣೆಗೆ ಓಡಾಡಲೆಂದು ತರಿಸಿದ್ದ ಒಂದು ಹಬೆಯ ಲಾಂಚು ಅಲ್ಲಿ ದಡದ ಮೇಲೆ ತುಕ್ಕು ಹಿಡಿಯುತ್ತ ಬಿದ್ದಿತ್ತು. ನಡುವೆ ನಿಂತ ಬಾಯ್ಲರು, ಅದರ ಹಿಂದೆ ಎಂಜಿನು, ಮೇಲೆ ಉದ್ದನೆಯ ಹೊಗೆಕೊಳವೆ, ಎರಡೂ ಬದಿಗೆ ಜನ ಕೂರುವ ಮರದ ಬೆಂಚು. ಶೆಟ್ಟರಿಗೆ ಅದನ್ನು ರಿಪೇರಿ ಮಾಡಿಸಿ ರವಿವಾರ ಪುಣೆಯಿಂದ ಬರುವವರನ್ನು ಕೂರಿಸಿಕೊಂಡು ಸುತ್ತಿಸಬೇಕೆಂಬ ಹುಚ್ಚು ಹಿಡಿಯಿತು. ಹಳೆಯ ಬಾಯ್ಲರು ಕಿತ್ತೆಸೆದು ಡೀಸೆಲ್ ಎಂಜಿನ್ ಕೂರಿಸಿ ಎಂದು ಎಲ್ಲರೂ ಹೇಳಿದರು. ಶೆಟ್ಟರು ಕೇಳಲಿಲ್ಲ. "ಡೀಸೆಲ್ ಬೋಟು ಎಲ್ಲಾ ಕಡೆ ಉಂಟು ಮಾರಾಯ್ರೆ. ಕೂ ಅಂತ ಕೂಗಿ ಹೊಗೆ ಬಿಡುವ ಬೋಟು ಎಲ್ಲುಂಟು?" ಎನ್ನುತ್ತಿದ್ದರು.

ಆ ಹುಚ್ಚಿಗೆ ಇನ್ನೊಂದು ಕಾರಣವೂ ಇತ್ತು. ಅದು ಅವರ ಸೋದರಮಾವ ಶೀನಣ್ಣ. ಹೋಟೆಲಿನಲ್ಲಿ, ಹಿನ್ನೀರಿನ ದಡದಲ್ಲಿ, ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಅವರು ಊರಿನ ಹೊಳೆಯಲ್ಲಿ ಓಡುತ್ತಿದ್ದ ಹಬೆ ಲಾಂಚಿಗೆ ಸೌದೆ ಹಾಕುವ ಕೆಲಸದಲ್ಲಿದ್ದರು. ಹೊಳೆಗೆ ಸೇತುವೆಯಾಗಿ ಲಾಂಚು ನಿಂತುಹೋಯಿತು. ಆಮೇಲೆ ಪುಣೆಗೆ ಬಂದು ಹೋಟೆಲಿನ ಅಡುಗೆಮನೆಯಲ್ಲಿ ಬಿಸಿನೀರಿನ ಹಂಡೆಗೆ ಬೆಂಕಿ ಹಾಕುತ್ತ ಬಹಳ ವರ್ಷ ಇದ್ದರು. ಅಲ್ಲಿಗೂ ಗ್ಯಾಸು ಬಂತು. ಮಾವ ಊರಿಗೆ ಹೋದರು. ಲಾಂಚಿನ ಕೆಲಸ ಶುರುವಾದಾಗ ಶೆಟ್ಟರು ಊರಿಗೆ ಹೋಗಿ, ಮೊದಲ ಬೆಂಕಿ ನೀವೇ ಹಾಕಬೇಕು ಎಂದು ಹೇಳಿ ಕರೆದುಕೊಂಡು ಬಂದರು.

ಮಾವ ಬಂದರು, ಆದರೆ ಬಂದ ಮೇಲೆ ಶೆಟ್ಟರಿಗೆ ಗೊತ್ತಾಯಿತು, ಮಾವನ ತಲೆಯಲ್ಲಿ ಕಾಲ ಕಲಸಿಹೋಗಿದೆ ಎಂದು. ಕೆಲವು ದಿನ ಸರಿಯಾಗಿಯೇ ಇರುತ್ತಿದ್ದರು. ಕೆಲವು ದಿನ ಆ ಹಿನ್ನೀರು ಅವರಿಗೆ ಊರಿನ ಹೊಳೆಯೇ ಆಗಿರುತ್ತಿತ್ತು. ಬಾಯ್ಲರಿಗೆ ಇನ್ನೂ ಕಡ್ಡಿ ಗೀರಿಯೇ ಇರಲಿಲ್ಲ, ಆದರೂ ಸಂಜೆಯಾದರೆ ಸಾಕು, ಕೆಲಸದವರನ್ನು ನಿಲ್ಲಿಸಿ ಕೇಳುತ್ತಿದ್ದರು: "ಹ್ವಾಯ್, ಬೆಂಕಿ ಮುಚ್ಚಿದ್ರ್ಯಾ?"

ಬೆಂಕಿ ಮುಚ್ಚುವುದೆಂದರೆ ಏನೆಂದು ನಾನು ಕಲಿತದ್ದು ಅವರಿಂದಲೇ. ಹಬೆ ಲಾಂಚಿನವರು ಸಂಜೆ ಬೆಂಕಿಯನ್ನು ಆರಿಸುತ್ತಿರಲಿಲ್ಲ. ಕೆಂಡವನ್ನೆಲ್ಲ ಬೆಂಕಿಗೂಡಿನ ಹಿಂಬದಿಗೆ ತಳ್ಳಿ, ಮೇಲೆ ಬೂದಿ ಹೊದಿಸಿ, ಹೊಗೆಕೊಳವೆಯ ತಗಡು ಮುಚ್ಚಿ ಬಿಡುತ್ತಿದ್ದರು. ಒಳಗೆ ಕೆಂಡ ಮಲಗಿರುತ್ತಿತ್ತು. ಬಾಯ್ಲರಿನ ನೀರು ಬೆಳಗಿನವರೆಗೆ ಬಿಸಿಯಾಗಿಯೇ ಇದ್ದು, ಮುಂಜಾನೆ ಕೆದಕಿ ನಾಲ್ಕು ಸೌದೆ ಹಾಕಿದರೆ ಬೇಗ ಹಬೆ ಏಳುತ್ತಿತ್ತು. ಮುಚ್ಚಿದ ಮೇಲೆ ಸಲಿಕೆಯನ್ನು ಬಾಗಿಲ ಮುಂದೆ ಬೋರಲಾಗಿ ಇಡುವುದು ರೂಢಿ. ಬೋರಲು ಸಲಿಕೆ ಕಂಡರೆ ಒಳಗೆ ಬೆಂಕಿ ಇದೆ, ಯಾರೂ ಬಾಗಿಲು ತೆಗೆಯಬಾರದು ಎಂದು ಅರ್ಥ.

ಮಾವನ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವನು ಶರಣಪ್ಪ. ಅವನು ಕಲಬುರ್ಗಿಯ ಕಡೆಯವನು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ಕೆಲಸ ಕಲಿತು ಆಮೇಲೆ ಪುಣೆಯ ಹತ್ತಿರದ ರಾಂಜಣಗಾಂವಿಗೆ ವೆಲ್ಡಿಂಗ್ ಕೆಲಸಕ್ಕೆ ಬಂದವನು. ಶೆಟ್ಟರು ಅವನನ್ನೂ ಅವನ ಊರಿನ ಐದಾರು ಮಂದಿಯನ್ನೂ ಲಾಂಚಿಗೆ ಕರೆಸಿಕೊಂಡಿದ್ದರು. "ಮುಚ್ಚೀವ್ರಿ ಅಜ್ಜಾರ, ಛಂದ ಮುಚ್ಚೀವಿ. ನೀವ್ ಮಕ್ಕೋರಿ," ಎಂದು ಅವನು ನಗದೆ ಹೇಳುತ್ತಿದ್ದ. ಮಾವನಿಗೆ ಸಮಾಧಾನವಾಗುತ್ತಿತ್ತು.

ಆದರೆ ಡಿಸೆಂಬರಿನಲ್ಲಿ ಒಂದು ದಿನ, ಒತ್ತಡದ ಪರೀಕ್ಷೆಗೆಂದು ಬಾಯ್ಲರಿಗೆ ತುಂಬಿಸಿದ್ದ ನೀರನ್ನು ಮಾವ ಬುಡದ ನಲ್ಲಿ ತಿರುಗಿಸಿ ಪೂರ್ತಿ ಹೊರಗೆ ಬಿಟ್ಟುಬಿಟ್ಟರು. ಯಾಕೆ ಎಂದರೆ, ಬಂದರು ಬಂತಲ್ಲ, ಓಟ ಮುಗಿಯಿತಲ್ಲ ಎಂದರು. ಅವತ್ತು ಬೆಂಕಿ ಇರಲಿಲ್ಲ, ಏನೂ ಆಗಲಿಲ್ಲ. ಬೆಂಕಿ ಇದ್ದು ನೀರು ಹೀಗೆ ಖಾಲಿಯಾಗಿದ್ದರೆ ಬಾಯ್ಲರು ಸಿಡಿಯುತ್ತಿತ್ತು ಎಂದು ಶರಣಪ್ಪ ಶೆಟ್ಟರನ್ನು ಪಕ್ಕಕ್ಕೆ ಕರೆದು ಹೇಳಿದ. ಆ ರಾತ್ರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಶೆಟ್ಟರು ನನಗೆ ಹೇಳಿದ್ದನ್ನು ನಾನು ಮರೆತಿಲ್ಲ. "ಮೊದಲ ಬೆಂಕಿ ನಿಮ್ಮದೇ ಅಂತ ಹೇಳಿ ಕರ್ಕೊಂಡು ಬಂದವ ನಾನು. ಈಗ ಮುಟ್ಬೇಡಿ ಅಂತ ಹೇಳ್ಬೇಕಾದವನೂ ನಾನೇ." ಮೊದಲ ಓಟದ ದಿನ ಶರಣಪ್ಪನೇ ಬೆಂಕಿ ಹಾಕುವುದು, ಮಾವನನ್ನು ದಡದ ಮೇಲೆ ಕುರ್ಚಿ ಹಾಕಿ ಕೂರಿಸುವುದು, ಮರುದಿನ ಊರಿನ ಬಸ್ಸು ಹತ್ತಿಸುವುದು ಎಂದು ತೀರ್ಮಾನವಾಯಿತು. ಮಾವನಿಗೆ ಹೇಳಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ.

ಮೊದಲ ಓಟದ ದಿನವನ್ನು ಶೆಟ್ಟರು ಗೊತ್ತುಮಾಡಿದ್ದು ಎಳ್ಳಮಾವಾಸ್ಯೆಯ ಮರುದಿನಕ್ಕೆ. ಕರಾವಳಿಯವರಾದ ಅವರಿಗೆ ಎಳ್ಳಮಾವಾಸ್ಯೆ ಎಂದರೆ ಕ್ಯಾಲೆಂಡರಿನ ಒಂದು ಕಪ್ಪು ಚುಕ್ಕೆ ಅಷ್ಟೆ. ಅಧಿಕಾರಿಗಳನ್ನು ಕರೆದಾಗಿತ್ತು, ಅತಿಥಿಗಳಿಗೆ ಹೇಳಿಯಾಗಿತ್ತು. ಆಮೇಲೆ ಗೊತ್ತಾಯಿತು, ಕಲಬುರ್ಗಿಯವರು ಆ ದಿನ ಎಲ್ಲಿದ್ದರೂ ಊರಿಗೆ ಹೋಗಿ ಹೊಲದಲ್ಲಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ ಅಲ್ಲಿಯೇ ಕೂತು ಉಣ್ಣಬೇಕು. ಶೆಟ್ಟರು ಶರಣಪ್ಪನನ್ನು ನಿಲ್ಲಿಸಿಕೊಳ್ಳಲು ಪಟ್ಟ ಪಾಡು ನಾನು ನೋಡಿದ್ದೇನೆ.

"ಅಮಾಸೆಗೆ ಯಾರಾದ್ರೂ ಊರಿಗೆ ಹೊರಡ್ತಾರಾ? ನಮ್ಮಲ್ಲಿ ಅಮಾಸೆಗೆ ಹೊಸ್ತಿಲು ದಾಟುದಿಲ್ಲ ಮಾರಾಯ."

"ನಿಮ್ಮಲ್ಲಿ ಮೀನ ಅದಾವ ಶೆಟ್ರ, ಎಲ್ಲಿದ್ರೂ ಸಿಗ್ತಾವ. ನಮ್ಮ ಹೊಲ ಊರಾಗ ಅದ. ಇವತ್ತ್ ಹೋಗಲಿಲ್ಲಂದ್ರ ನಮ್ಮವ್ವ ವರ್ಷಾನಗಟ್ಟಲೆ ಬಾಗಲಾ ತೆಗ್ಯಂಗಿಲ್ಲ," ಎಂದ ಶರಣಪ್ಪ. ಓಟದ ದಿನ ಬೆಳಿಗ್ಗೆಯೇ ಬಂದು ಮುಟ್ಟುತ್ತೇನೆಂದು ಆಣೆ ಮಾಡಿದ. ಹೋಗುವ ಮುನ್ನ ಬಾಯ್ಲರಿಗೆ ನೀರು ತುಂಬಿ, ಬೆಂಕಿಗೂಡನ್ನು ಗುಡಿಸಿ, ಬಾಯ್ಲರಿನ ಮುಂಭಾಗಕ್ಕೂ ಎಂಜಿನಿನ ಪೀಠಕ್ಕೂ ಒಂದೇ ಡಬ್ಬಿಯ ಕಪ್ಪು ಬಣ್ಣ ಬಳಿದು, ಅವಸರದಲ್ಲಿ ಸ್ವಲ್ಪ ದಪ್ಪವೇ ಆಯಿತು, ಈ ಥಂಡಿಯಲ್ಲಿ ಒಣಗಲಿಕ್ಕಿಲ್ಲ ಎಂದು ಗೊಣಗಿ ಹೋದ.

ಹೀಗಾಗಿ ಎಳ್ಳಮಾವಾಸ್ಯೆಯ ದಿನ ಹಿನ್ನೀರಿನ ದಡದಲ್ಲಿ ಯಾರೂ ಇರಲಿಲ್ಲ. ಶೆಟ್ಟರಿಗೆ ಮರುದಿನದ ಅಡುಗೆಯ ಗಡಿಬಿಡಿ. ಕಾಲೇಜಿಗೆ ರಜೆ ಇದ್ದದ್ದರಿಂದ ನಾನು ಮಾವನನ್ನು ನೋಡಿಕೊಂಡು ಅಲ್ಲಿರುವುದು ಎಂದಾಯಿತು. ಮಾವ ಮತ್ತೆ ಆ ನಲ್ಲಿಯ ಹತ್ತಿರ ಹೋಗಬಾರದು, ಅದೊಂದೇ ನನ್ನ ಕೆಲಸ. ನಾನು ಶಿವಾಜಿನಗರದಿಂದ ಬಸ್ಸು ಹಿಡಿದು, ಇಳಿದು, ಗುಡ್ಡದ ಹಾದಿಯಲ್ಲಿ ನಡೆದು ಬಂದೆ. ಅದರ ಹಿಂದಿನ ವಾರವೆಲ್ಲ ಪರೀಕ್ಷೆಯ ಕೆಲಸದಲ್ಲಿ ಸರಿಯಾಗಿ ಮಲಗಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಮುಂದಿನದನ್ನು ಅಳೆಯುವವರಿಗೆ ಇದು ಬೇಕಾಗುತ್ತದೆ.

ಲಾಂಚನ್ನು ತಗಡಿನ ಚಾವಣಿಯ ಕೆಳಗೆ ನೀರಿನಲ್ಲೇ ಕಟ್ಟಿದ್ದರು. ಹೊತ್ತು ಮುಳುಗುವಾಗ ನಾನು ದಡದಿಂದ ಹಾಕಿದ್ದ ಹಲಗೆ ದಾಟಿ ಒಳಗೆ ಹೋಗಿ ಎಂಜಿನಿನ ಪೀಠದ ಮೇಲೆ ಕೈ ಇಟ್ಟೆ. ಬೆರಳಿಗೆ ಕಪ್ಪು ಬಣ್ಣ ಹತ್ತಿತು. ಗೋಣಿತಾಟಿಗೆ ಒರೆಸಿಕೊಂಡೆ. ಬಾಯ್ಲರಿನ ಮುಂಭಾಗವೂ ಹಸಿಯಾಗಿ ಹೊಳೆಯುತ್ತಿತ್ತು. ಅದನ್ನು ನಾನು ಮುಟ್ಟಲಿಲ್ಲ.

ಆಗ ಮಾವ ಬಂದರು. ಹೆಗಲ ಮೇಲೆ ಟವೆಲು, ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ನನ್ನನ್ನು ಕೇಳಲಿಲ್ಲ, ಇವತ್ತು ತಾವೇ ಮುಚ್ಚುತ್ತೇನೆ ಎಂಬಂತೆ ನೇರ ಬೆಂಕಿಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಬಾಗಿಲಿನ ಕೊಕ್ಕೆ ತೆಗೆಯುವಾಗ ಸುಡುವುದನ್ನು ಹಿಡಿಯುವ ಹಾಗೆ ಟವೆಲನ್ನು ಕೈಗೆ ಸುತ್ತಿಕೊಂಡರು. ಉದ್ದನೆಯ ಸಲಾಕೆಯಿಂದ ಖಾಲಿ ಸರಳುಗಳ ಮೇಲೆ ಏನನ್ನೋ ಹಿಂದಕ್ಕೆ ತಳ್ಳಿದರು. ಸಲಿಕೆಯಿಂದ ಇಲ್ಲದ ಬೂದಿಯನ್ನು ಎತ್ತಿ, ನಿಧಾನವಾಗಿ, ಮಗುವಿಗೆ ಹೊದಿಸುವ ಹಾಗೆ ಮೇಲೆ ಹರಡಿದರು. ಕಣ್ಣು ಕಿರಿದು ಮಾಡಿ ಮುಖವನ್ನು ಅತ್ತ ತಿರುಗಿಸಿಕೊಂಡೇ ಇದ್ದರು. ಬಾಗಿಲು ಹಾಕಿ, ಮೇಲಿನ ಸರಪಳಿ ಜಗ್ಗಿ ಹೊಗೆಕೊಳವೆ ಮುಚ್ಚಿದರು. ಸಲಿಕೆಯನ್ನು ಬೋರಲು ಇಟ್ಟರು.

ಹೋಟೆಲಿನಿಂದ ತಂದಿದ್ದ ಬುತ್ತಿಯನ್ನು ಇಬ್ಬರೂ ಉಂಡೆವು. ದಡದ ಮೇಲಿದ್ದ ಕೆಲಸದವರ ಕೋಣೆಗೆ ಹೋಗಿ ಮಲಗೋಣ ಎಂದರೆ ಮಾವ ಒಪ್ಪಲಿಲ್ಲ. ಬೆಂಕಿಯವನು ಬೆಂಕಿಯ ಹತ್ತಿರವೇ ಮಲಗಬೇಕಂತೆ. ನಾನು ಒಬ್ಬನೇ ಹೋಗುವ ಹಾಗಿರಲಿಲ್ಲ, ನಲ್ಲಿ ಇಲ್ಲೇ ಇತ್ತು. ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು, ನನ್ನ ಹತ್ತಿರ ಒಂದು ಶಾಲು ಮಾತ್ರ. ಮಾವ ನನ್ನನ್ನು ನೋಡಿ ಬಾಯ್ಲರಿನ ಪಕ್ಕವನ್ನು ತಟ್ಟಿ ತೋರಿಸಿದರು. ಅಲ್ಲಿ ಬಣ್ಣ ಬಳಿದಿರಲಿಲ್ಲ, ಬರಿಯ ಕಬ್ಬಿಣ.

"ಇಲ್ಲ್ ಒರಗಿ ಕೂಕಣಿ," ಎಂದರು. "ಬೆಳಿಗ್ಗೆ ತಂಕ ಬೆಚ್ಚಗ್ ಇರತ್ತ್."

ಮುದುಕರ ಮನಸ್ಸು ಯಾಕೆ ನೋಯಿಸಬೇಕು ಎಂದು ಗೋಣಿತಾಟನ್ನು ಬೆನ್ನಿಗಿಟ್ಟು ಒರಗಿದೆ. ನಲ್ಲಿಯೂ ನನ್ನ ಕಾಲಿನ ಹತ್ತಿರವೇ ಬಂತು, ಕಾವಲಿಗೂ ಅನುಕೂಲ.

ಬೆಚ್ಚಗಿತ್ತು.

ಹಗಲೆಲ್ಲ ತಗಡಿನ ಕೆಳಗೆ ಕಾದ ಕಬ್ಬಿಣ, ಇನ್ನೂ ಆರಿಲ್ಲ ಎಂದುಕೊಂಡೆ. ಇದು ನಾನು ಆಗಲೇ ಯೋಚಿಸಿದ್ದು, ಆಮೇಲೆ ಸೇರಿಸಿದ್ದಲ್ಲ ಎಂದೇ ನನ್ನ ನಂಬಿಕೆ. ಆದರೆ ಕತ್ತಲಾಗಿ ಚಳಿ ಏರಿದ ಹಾಗೆ ಆ ಬಿಸಿ ಕಡಿಮೆಯಾಗಲಿಲ್ಲ. ಹೋಟೆಲಿನಲ್ಲಿ ಅಡುಗೆಮನೆಗೆ ತಾಗಿದ ಮೂಲೆಯ ಮೇಜೊಂದಿತ್ತು. ಚಳಿಗಾಲದಲ್ಲಿ ನಾನು ಆ ಮೇಜನ್ನೇ ಹಿಡಿಯುತ್ತಿದ್ದೆ, ಅಲ್ಲಿನ ಗೋಡೆ ಒಲೆಯ ಬಿಸಿಗೆ ಹದವಾಗಿ ಕಾದಿರುತ್ತಿತ್ತು. ಅದೇ ಬಿಸಿ. ಮೊದಲು ಬೆನ್ನಿಗೆ, ಆಮೇಲೆ ಹೆಗಲಿಗೆ, ಕುತ್ತಿಗೆಯ ಹಿಂಭಾಗಕ್ಕೆ ಏರಿತು. ನನಗೆ ಏನೂ ವಿಚಿತ್ರ ಅನಿಸಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಬಾಯ್ಲರಿನ ಪಕ್ಕ ಕೂತಿದ್ದೇನೆ, ಬಾಯ್ಲರು ಬಿಸಿಯಾಗಿದೆ, ಅದರಲ್ಲೇನಿದೆ ಎಂಬಂತೆ ಮನಸ್ಸು ಒಪ್ಪಿಕೊಂಡುಬಿಟ್ಟಿತು. ಎಷ್ಟೋ ತಿಂಗಳಿಂದ ಬಿಗಿದುಕೊಂಡಿದ್ದ ಬೆನ್ನು ಸಡಿಲವಾಯಿತು. ಮಾವ ಆ ಬದಿಯಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನಾನೂ ಮಲಗಿಬಿಟ್ಟೆ. ಅಂಥ ನಿದ್ದೆ ನಾನು ಆ ವರ್ಷಗಳಲ್ಲಿ ಮತ್ತೊಮ್ಮೆ ಮಾಡಿದ ನೆನಪಿಲ್ಲ.

ಎಚ್ಚರವಾದಾಗ ಬೆಳಕು ಹರಿಯುತ್ತಿತ್ತು. ನೀರಿನ ಮೇಲೆ ಮಂಜು ನಿಂತಿತ್ತು, ನನ್ನ ಉಸಿರು ಹೊಗೆಯ ಹಾಗೆ ಕಾಣುತ್ತಿತ್ತು. ಶಾಲು ಕಾಲಿನ ಹತ್ತಿರ ಬಿದ್ದಿತ್ತು, ಹೊದ್ದಿರಲಿಲ್ಲ. ಬೆನ್ನು ಬೆಚ್ಚಗಿತ್ತು. ಎದ್ದು, ಮೈ ಮುರಿದು, ಅಂಗೈಯನ್ನು ಕಬ್ಬಿಣದ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಕೈ ತೆಗೆಯಬೇಕಾಯಿತು. ಆಗ, ಕೈ ತೆಗೆದ ಮೇಲೆ, ಇದಕ್ಕೆ ಯಾರೂ ಬೆಂಕಿ ಹಾಕಿಲ್ಲ ಎಂಬುದು ನೆನಪಾಯಿತು.

ನಾನು ಹೆದರಿದೆನೆಂದು ಬರೆದರೆ ಸರಿಯಾಗದು. ಲೆಕ್ಕ ತಪ್ಪಿದಾಗ ಆಗುವಂಥ ಒಂದು ಕಿರಿಕಿರಿ ಆಯಿತು. ಬೋರಲು ಸಲಿಕೆಯನ್ನು ದಾಟಿ ಬೆಂಕಿಗೂಡಿನ ಬಾಗಿಲು ತೆಗೆದೆ. ಶರಣಪ್ಪ ಗುಡಿಸಿಟ್ಟಿದ್ದ ಸರಳುಗಳು ಹಾಗೆಯೇ ಇದ್ದವು. ಬೂದಿ ಇಲ್ಲ, ಇದ್ದಿಲು ಇಲ್ಲ, ಹೊಗೆಯ ವಾಸನೆಯೂ ಇಲ್ಲ. ಒಳಗೆ ಕೈ ಹಾಕಿ ಸರಳನ್ನು ಮುಟ್ಟಿದೆ. ಕೊರೆಯುವಷ್ಟು ತಣ್ಣಗಿತ್ತು. ಮತ್ತೆ ಹೊರಗಿನ ಪಕ್ಕವನ್ನು ಮುಟ್ಟಿದೆ. ಬಿಸಿ. ಹೀಗೆ ಒಳಗೆ ಹೊರಗೆ ಕೆಲವು ಸಲ ಮುಟ್ಟಿ ನೋಡಿದೆ. ಮಾವ ಎದ್ದು ಕೂತು ನನ್ನನ್ನು ನೋಡುತ್ತಿದ್ದರು. ಬಾಗಿಲು ತೆಗೆದದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಮುಖ ತೊಳೆಯಲು ನೀರಿಗೆ ಇಳಿದರು. ಬಿಸಿಲು ಬರುವ ಹೊತ್ತಿಗೆ ಕಬ್ಬಿಣ ಆರುತ್ತ ಬಂದಿತ್ತು.

ಶರಣಪ್ಪ ಮಾತಿಗೆ ತಪ್ಪಲಿಲ್ಲ. ಬಿಸಿಲೇರುವಷ್ಟರಲ್ಲಿ ನಿದ್ದೆಗೆಟ್ಟು ಕೆಂಪಾದ ಕಣ್ಣಿನಲ್ಲಿ, ಊರಿನಿಂದ ಸಜ್ಜೆ ರೊಟ್ಟಿಯ ಗಂಟು ಹಿಡಿದುಕೊಂಡು ಬಂದ. ಗಂಟನ್ನು ನನ್ನ ಕೈಗಿಟ್ಟು ಸೀದಾ ಲಾಂಚಿಗೆ ಹೋದವನು ಅಲ್ಲಿಂದಲೇ ಕೂಗಿ ಕೇಳಿದ: "ಮಾಸ್ತರ್ರ, ಬೆಂಕಿ ಏನರ ಹಚ್ಚಿದ್ರೇನ್ರಿ?" ನಾನು ಹೋದೆ. ಎಂಜಿನಿನ ಪೀಠದ ಬಣ್ಣ ಅವನ ಬೆರಳಿಗೆ ಹತ್ತಿತ್ತು. ಬಾಯ್ಲರಿನ ಮುಂಭಾಗದ ಬಣ್ಣವನ್ನು ಅವನು ಉಗುರಿನಿಂದ ಕೆರೆದು ತೋರಿಸಿದ. ಗಟ್ಟಿಯಾಗಿ ಒಣಗಿತ್ತು. ಇಲ್ಲ, ಹಚ್ಚಿಲ್ಲ ಎಂದೆ. ಅವನು ನನ್ನನ್ನೂ ಬಾಯ್ಲರನ್ನೂ ಒಮ್ಮೆ ನೋಡಿ, ಕೆಲಸ ಬಹಳವಿದ್ದುದರಿಂದ ಸೌದೆ ತರಲು ಹೋದ.

ಮಧ್ಯಾಹ್ನದ ಹೊತ್ತಿಗೆ ದಡದ ತುಂಬ ಜನ. ಶಾಮಿಯಾನ, ಕುರ್ಚಿ, ಹೋಟೆಲಿನ ದೊಡ್ಡ ದೊಡ್ಡ ಪಾತ್ರೆಗಳು. ಬಾಯ್ಲರು ತಪಾಸಣೆಯ ಅಧಿಕಾರಿಯೊಬ್ಬರು ಬಂದಿದ್ದರು. ಶೆಟ್ಟರು ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗೂ ಮರಾಠಿಯಲ್ಲಿ ಸ್ವಾಗತ ಹೇಳುತ್ತಿದ್ದರು, ಆದರೆ ಕಣ್ಣೆಲ್ಲ ಕುರ್ಚಿಯಲ್ಲಿ ಕೂತಿದ್ದ ಮಾವನ ಮೇಲೆ. ಶರಣಪ್ಪ ಸೌದೆ ಜೋಡಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ಕೈಗೆತ್ತಿಕೊಂಡ. ಅದನ್ನು ಕಂಡದ್ದೇ ಮಾವ ಎದ್ದು ಹಲಗೆ ದಾಟಿ ಬಂದುಬಿಟ್ಟರು. ಹಿಡಿಯಲು ಹೋದವರ ಕೈಗೆ ಸಿಗಲಿಲ್ಲ. ಶೆಟ್ಟರೂ ನಾನೂ ಹಿಂದೆಯೇ ಓಡಿದೆವು.

ಮಾವ ಶರಣಪ್ಪನನ್ನು ಪಕ್ಕಕ್ಕೆ ಸರಿಸಿ ಸಲಾಕೆ ಹಿಡಿದು ಕೂತಿದ್ದರು. "ಹಚ್ಚುದ್ ಎಂತಕೆ? ಬೆಂಕಿ ಇತ್ತಲ. ನಿನ್ನೆ ನಾನೇ ಮುಚ್ಚಿಟ್ಟದ್ದ್. ಕೆದಕಿರೆ ಸಾಕ್," ಎಂದರು. ಸಲಾಕೆಯನ್ನು ಒಳಗೆ ಹಾಕಿ ಕೆದಕತೊಡಗಿದರು. ಸೌದೆ ಅಲ್ಲಾಡಿತು, ಅಷ್ಟೇ. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಏನಾಗುತ್ತಿದೆ ಎಂಬುದು ಯಾವ ಭಾಷೆಯವರಿಗೂ ಕಾಣುವಂತಿತ್ತು. ದಡದ ಮೇಲೆ ಯಾರೋ ನಕ್ಕರು. ಶೆಟ್ಟರು ಮಾವನ ಭುಜದ ಮೇಲೆ ಕೈಯಿಟ್ಟು, ಬನ್ನಿ ಮಾವ, ಬೆಂಕಿ ಇಲ್ಲ ಮಾವ ಎಂದರು.

ಮಾವನ ಕೈ ನಿಂತಿತು. ಅವರು ಕೆಂಡವಿಲ್ಲದ ಗೂಡನ್ನು ನೋಡಿದರು, ಶೆಟ್ಟರನ್ನು ನೋಡಿದರು. ಆ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ತಾನು ಎಲ್ಲಿದ್ದೇನೆ ಎಂಬುದು ಅವರಿಗೆ ಹೊಳೆಯಲು ಶುರುವಾಗಿತ್ತು ಎಂದು ನನಗನಿಸಿತು. ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಇವ್ರ್ ಇದ್ದಿದ್ರ್," ಎಂದರು. "ಇವ್ರನ್ನ್ ಕೇಣಿ."

ಶೆಟ್ಟರು ನನ್ನ ಕಡೆ ತಿರುಗಿದರು. "ನೀವಿದ್ರಲ್ಲ ಮಾರಾಯ್ರೆ. ಹೇಳಿ. ಬೆಂಕಿ ಇತ್ತಾ?"

ನಾನು ಬೆಂಕಿ ನೋಡಿರಲಿಲ್ಲ. ಹಾಗೆ ಹೇಳಿದ್ದರೆ ಅದು ನಿಜವೇ. ಆದರೆ ಅದಷ್ಟನ್ನೇ ಹೇಳಿದರೆ ನಿಜವಾಗುತ್ತಿರಲಿಲ್ಲ.

"ಬೆಚ್ಚಗಿತ್ತು," ಎಂದೆ. "ಬೆಳಗಿನವರೆಗೂ ಬೆಚ್ಚಗಿತ್ತು."

ಶೆಟ್ಟರು ಮಾವನ ಭುಜದಿಂದ ಕೈ ತೆಗೆದು, "ಹಾಗಾದ್ರೆ ಕೆದಕಿ ಮಾವ," ಎಂದರು. ಶರಣಪ್ಪನಿಗೆ ಕಣ್ಸನ್ನೆ ಮಾಡಿದರು. ಮಾವ ಕೆದಕಿದರು. ಶರಣಪ್ಪ ಅವರ ತೋಳಿನ ಕೆಳಗಿನಿಂದ ಉರಿಯುವ ಹತ್ತಿಯುಂಡೆಯನ್ನು ಒಳಗೆ ತಳ್ಳಿದ. ಸೌದೆ ಹತ್ತಿಕೊಂಡಿತು. ಮಾವ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಶರಣಪ್ಪ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೊಂದು ಕಣ್ಣು, ಬುಡದ ನಲ್ಲಿಯ ಮೇಲೊಂದು ಕಾಲು ಇಟ್ಟುಕೊಂಡು ಪಕ್ಕದಲ್ಲೇ ನಿಂತ. ಲಾಂಚು ಕೂಗಿತು, ಹೊಗೆ ಬಿಟ್ಟಿತು, ಜನರನ್ನು ಕೂರಿಸಿಕೊಂಡು ಹಿನ್ನೀರಿನ ಮೇಲೆ ದೊಡ್ಡದೊಂದು ಸುತ್ತು ಹಾಕಿ ಬಂತು. ಸಂಜೆ ಎಲ್ಲರೂ ಹೋದ ಮೇಲೆ ಮಾವ ನಿಜವಾದ ಕೆಂಡವನ್ನು ಮುಚ್ಚಿದರು. ಅದೇ ಟವೆಲು ಸುತ್ತಿದ ಕೈ, ಅದೇ ಕಿರಿದು ಮಾಡಿದ ಕಣ್ಣು, ಅದೇ ಬೋರಲು ಸಲಿಕೆ. ಹಿಂದಿನ ಸಂಜೆ ನಾನು ಕಂಡದ್ದಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಬಾಯ್ಲರಿನ ಪಕ್ಕವನ್ನು ಮುಟ್ಟಿ ನೋಡಿ, ನಿನ್ನೆಯಷ್ಟು ಇಲ್ಲ ಎಂದರು.

ಅವರನ್ನು ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಆ ಬೇಸಿಗೆಯವರೆಗೂ ರವಿವಾರದ ಮೊದಲ ಬೆಂಕಿ ಅವರದೇ ಆಗಿತ್ತು, ಶರಣಪ್ಪನ ಕಾವಲಿನಲ್ಲಿ. ಆಮೇಲೆ ನಡೆಯಲು ಆಗದೆ ಊರಿಗೆ ಹೋದರು. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡರೆಂದು ಶೆಟ್ಟರು ಹೇಳಿದರು. ಲಾಂಚು ಕೆಲವು ವರ್ಷ ಓಡಿತು. ನೀರು ಇಳಿದ ಒಂದು ವರ್ಷ ನಿಂತದ್ದು, ಮತ್ತೆ ಶುರುವಾದಾಗ ಡೀಸೆಲ್ ಎಂಜಿನು ಬಂತು, ಬಾಯ್ಲರು ಗುಜರಿಗೆ ಹೋಯಿತು. ಶರಣಪ್ಪ ಯಾವುದೋ ಕಾರ್ಖಾನೆ ಸೇರಿ ಬೇರೆ ಊರಿಗೆ ಹೋದ. ಬಣ್ಣದ ವಿಷಯ ಅವನಿಗೆ ಇನ್ನೂ ನೆನಪಿದೆಯೋ ಎಂದು ಕೇಳಬೇಕೆಂದುಕೊಂಡೇ ಉಳಿಯಿತು.

ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗೆಳೆಯರೊಬ್ಬರಿಗೆ ಇದನ್ನು ಹೇಳಿದ್ದೆ. ಅಷ್ಟೊಂದು ನೀರು ತುಂಬಿದ ಕಬ್ಬಿಣ ಹಗಲಿನ ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ, ಹೊರಗೆ ಚಳಿ ಇದ್ದಷ್ಟೂ ಅದು ಹೆಚ್ಚು ಬಿಸಿ ಅನಿಸುತ್ತದೆ, ನಿಮಗೆ ಸಣ್ಣ ಜ್ವರವೂ ಇದ್ದಿರಬಹುದು ಎಂದರು. ಬಣ್ಣಕ್ಕೂ ಒಂದು ಕಾರಣ ಹೇಳಿದರು. ಎಲ್ಲವೂ ಒಪ್ಪುವಂಥದ್ದೇ. ಕೈ ತೆಗೆಯಬೇಕಾಯಿತಲ್ಲ ಎಂದೆ. ಅದು ನಿಮ್ಮ ನೆನಪು ಎಂದರು. ಆ ರಾತ್ರಿ ದಿನಚರಿ ನನ್ನ ಜೊತೆ ಇರಲಿಲ್ಲ, ಇದನ್ನೆಲ್ಲ ಪುಣೆಗೆ ಮರಳಿದ ಮೇಲೆ ಬರೆದದ್ದು. ಅಂದರೆ ಎಲ್ಲರೆದುರು ಆ ಮಾತು ಹೇಳಿಯಾದ ಮೇಲೆ ಬರೆದದ್ದು. ಅದನ್ನು ಸಾಕ್ಷಿಯೆಂದು ನಾನೇ ಒಪ್ಪುವುದಿಲ್ಲ.

ಶೆಟ್ಟರು ಈಗ ಗಲ್ಲಾಪೆಟ್ಟಿಗೆಯನ್ನು ಮಗಳಿಗೆ ಬಿಟ್ಟಿದ್ದಾರೆ. ನಾನು ಹೋದಾಗ ಅಡುಗೆಮನೆಯ ಪಕ್ಕದ ಆ ಮೇಜಿಗೆ ಬಂದು ಕೂರುತ್ತಾರೆ, ಹೊಸಬರು ಯಾರಾದರೂ ಇದ್ದರೆ ಆ ದಿನದ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ ನಾನು ಒಂದು ಸುಳ್ಳು ಹೇಳಿ ಅವರ ಮಾವನ ಮಾನ ಉಳಿಸಿದವನು. "ಇಂಥ ಓದಿದ ಜನ, ಅಷ್ಟು ಜನರೆದುರು, ನಮ್ಮ ಮಾವನಿಗೋಸ್ಕರ ಸುಳ್ಳು ಹೇಳಿದ್ರು," ಎಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಒಮ್ಮೆ, ಬೇರೆ ಯಾರೂ ಇಲ್ಲದಾಗ, ಅದು ಸುಳ್ಳಲ್ಲ ಶೆಟ್ರೇ, ನಿಜವಾಗಿಯೂ ಬೆಚ್ಚಗಿತ್ತು ಎಂದೆ. ಅವರು ನಕ್ಕು, ಅದೇ ನಿಮ್ಮ ದೊಡ್ಡತನ ಎಂದು ಇನ್ನೊಂದು ಕಾಫಿ ಹೇಳಿದರು.

ಇಷ್ಟು ಸಲ ಕೇಳಿದ ಮೇಲೆ ನನಗೇ ಅನುಮಾನ ಬರುತ್ತದೆ. ಅವರು ಹೇಳುವುದೇ ಸರಿ ಇರಬಹುದು. ಆ ಮುದುಕರ ಮುಖ ನೋಡಲಾರದೆ ನಾನು ಸುಳ್ಳೇ ಹೇಳಿರಬಹುದು, ಆಮೇಲೆ ಆ ಸುಳ್ಳಿಗೆ ತಕ್ಕ ಹಾಗೆ ಆ ಬಿಸಿಯನ್ನು, ಆ ನಿದ್ದೆಯನ್ನು, ಹೋಗದ ಮದುವೆಯ ಚಪ್ಪರದಂತೆ ಕಟ್ಟಿಕೊಂಡಿರಬಹುದು. ಹಾಗಾಗಿದ್ದರೆ ನನಗೆ ಒಳ್ಳೆಯದೇ, ಸುಳ್ಳನ್ನು ಯಾಕೆ ಹೇಳಿದೆ ಎಂದಾದರೂ ವಿವರಿಸಬಲ್ಲೆ. ಆದರೆ ಶೆಟ್ಟರು ಕಥೆ ಮುಗಿಸಿ ಎದ್ದು ಹೋದ ಮೇಲೆ ಹಿಂದಕ್ಕೆ ಒರಗುತ್ತೇನೆ. ಗೋಡೆ ಬೆಚ್ಚಗಿರುತ್ತದೆ, ಆಚೆ ಒಲೆ ಉರಿಯುತ್ತಿರುತ್ತದೆ. ಇದು ಅದೇ ಬಿಸಿ ಎಂದು ಬೆನ್ನು ಹೇಳುತ್ತದೆ. ಆಚೆ ಅವತ್ತು ಏನು ಉರಿಯುತ್ತಿತ್ತು ಎಂದು ಮಾತ್ರ ಹೇಳುವುದಿಲ್ಲ.